ಇಂಗಾಲದ ಎಳೆಗಳ ಮರುಗಳಿಕೆ: ಒಂದು ವಿವೇಚನೆ

ಕಳೆದ ಐದು ದಶಕಗಳಲ್ಲಿ ಲೋಹಗಳ ಸ್ಥಾನವನ್ನು ಕ್ರಮೇಣ ಆಕ್ರಮಿಸಿಕೊಂಡ ವಸ್ತುಗಳಲ್ಲಿ, ಇಂಗಾಲದ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಸಿದ್ಧಪಡಿಸುವ ಸಂಮಿಶ್ರ ವಸ್ತುವು ಮುಖ್ಯವಾದುದು. ವಿಮಾನದ ರೆಕ್ಕೆ, ಕ್ಷಿಪಣಿಯ ಕವಚ, ದೊಡ್ಡ ಗಾಳಿಯಂತ್ರದ ಅಲಗಿನ ಬೆನ್ನೆಲುಬು, ಪಂದ್ಯದ ಕಾರು, ಟೆನಿಸ್ ರಾಕೆಟ್ಟು ಇವು ಇಂದು ಇದರಿಂದ ಆಗುತ್ತಿವೆ. ಉಕ್ಕಿನ ಕಾಲುಭಾಗದಷ್ಟೂ ತೂಗದೆ ಉಕ್ಕನ್ನು ಮೀರಿಸುವ ಬಲ ಇದಕ್ಕುಂಟೆಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಆದರೆ ಬಳಕೆ ಮುಗಿದ ಮೇಲೆ, ಅಥವಾ ಬಳಕೆಗೆ ಬರುವ ಮೊದಲೇ ಕತ್ತರಿಯ ಅಂಚಿನಲ್ಲಿ ಉದುರಿದ ಮೇಲೆ, ಈ ವಸ್ತುವಿನ ಗತಿ ಏನು? ಅದರೊಳಗಿನ ಎಳೆಗಳನ್ನು ಬಿಡಿಸಿ ಮತ್ತೆ ಉಪಯೋಗಿಸಲು ಸಾಧ್ಯವೆ? ಹಾಗೆ ಬಿಡಿಸಿದ ಎಳೆ ಮೊದಲಿನ ಎಳೆಯೇ ಆಗಿರುತ್ತದೆಯೆ? ಪ್ರಸ್ತುತ ಲೇಖನದಲ್ಲಿ ಈ ಮೂರು ಪ್ರಶ್ನೆಗಳನ್ನು, ವಿಶೇಷವಾಗಿ ಕೊನೆಯದನ್ನು, ವಿವೇಚಿಸಲು ಯತ್ನಿಸಿದ್ದೇವೆ.

ನಡುಗನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ವಿಷಯಕ್ಕೆ ಕೈಹಾಕಿರುವುದು ಕೆಲವರಿಗೆ ಅನಧಿಕಾರ ಚೇಷ್ಟೆಯಾಗಿ ತೋರಬಹುದು. ಹೊರನಾಡಿನಲ್ಲಿ ಕನ್ನಡ ಪೀಠದ ಬಾಗಿಲಿಗೆ ಬರುವವರೆಲ್ಲರೂ ಸಾಹಿತ್ಯದವರಲ್ಲ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳ ಪ್ರಯೋಗಾಲಯಗಳಲ್ಲಿ ದುಡಿಯುತ್ತ, ಮನೆಯಲ್ಲಿ ಕನ್ನಡವಾಡಿ ಕೆಲಸದಲ್ಲಿ ಇಂಗ್ಲಿಷ್ ಬರೆಯುವ ಸಂಶೋಧಕರೂ ಈ ಪತ್ರಿಕೆಯ ಓದುಗರು. ಅಂಥವರೊಬ್ಬರು ಒಮ್ಮೆ ನಮ್ಮ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟು, "ಇದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ ಸರ್?" ಎಂದು ಕೇಳಿದರು. ಒಳಗಿದ್ದುದು ಹಿಂಜಿದ ಕಪ್ಪು ಅರಳೆಯಂಥ ವಸ್ತು. ಹಿಡಿ ತುಂಬ ಇದ್ದರೂ ಕೈಗೆ ಭಾರವೆನಿಸಲಿಲ್ಲ. ಸಂಮಿಶ್ರ ಹಲಗೆಯೊಂದನ್ನು ಕಾಯಿಸಿ, ರಾಳವನ್ನು ಕಳೆದು, ಬಿಡಿಸಿ ತೆಗೆದ ಇಂಗಾಲದ ಎಳೆ ಅದು. ಚೀಲವನ್ನು ತೆರೆಯಬೇಡಿರೆಂದು ಎಚ್ಚರಿಸಿದರು. ಗಾಳಿಯಲ್ಲಿ ತೇಲುವ ಈ ಎಳೆ ವಿದ್ಯುತ್ತನ್ನು ಹರಿಯಗೊಡುವುದರಿಂದ, ಕಂಪ್ಯೂಟರಿನೊಳಗೆ ಹೊಕ್ಕರೆ ಅದನ್ನು ಕೆಡಿಸಬಲ್ಲುದಂತೆ. ಈ ಲೇಖನಕ್ಕೆ ಮೂಲ ಆ ಪ್ರಶ್ನೆ.

ಮೊದಲು ಪರಿಭಾಷೆಯ ಮಾತು. ಫೈಬರ್ ಎಂಬುದಕ್ಕೆ 'ನಾರು' ಎನ್ನುವುದು ರೂಢಿ. ಆದರೆ ನಾರು ಎಂದೊಡನೆ ಬಾಳೆಯ ನಾರು, ಕತ್ತಾಳೆಯ ನಾರು, ತೆಂಗಿನ ನಾರು ನೆನಪಾಗುತ್ತವೆಯೇ ಹೊರತು, ಕುಲುಮೆಯಲ್ಲಿ ಹುಟ್ಟಿದ ವಸ್ತುವಲ್ಲ. ಅಲ್ಲದೆ ಇಲ್ಲಿ ಮುಖ್ಯವಾದುದು ಒಂಟಿ ತಂತುವಿನ ನೇರ ಮತ್ತು ಉದ್ದ. ಆದುದರಿಂದ 'ಎಳೆ' ಎಂಬ ಶಬ್ದವನ್ನು ಆರಿಸಿಕೊಂಡಿದ್ದೇವೆ. ಕಾಂಪೋಸಿಟ್ ಎಂಬುದನ್ನು ಕೆಲವರು 'ಸಂಯುಕ್ತ' ಎಂದು ಬರೆಯುವುದುಂಟು; ರಸಾಯನಶಾಸ್ತ್ರದಲ್ಲಿ ಆ ಶಬ್ದ ಬೇರೊಂದು ಅರ್ಥಕ್ಕೆ ಮೀಸಲಾಗಿರುವುದರಿಂದ ಇದು ಗೊಂದಲಕ್ಕೆ ಎಡೆಗೊಡುತ್ತದೆ. ಎಳೆಯೂ ರಾಳವೂ ತಮ್ಮ ತಮ್ಮ ಸ್ವರೂಪವನ್ನು ಉಳಿಸಿಕೊಂಡೇ ಕೂಡಿರುವುದರಿಂದ 'ಸಂಮಿಶ್ರ' ಎನ್ನುವುದು ಲೇಸು. ಕಾರ್ಖಾನೆಯಿಂದ ಎಳೆಗಳು ಹನ್ನೆರಡು ಸಾವಿರ, ಇಪ್ಪತ್ತನಾಲ್ಕು ಸಾವಿರದ ಕಟ್ಟುಗಳಾಗಿ ಬರುತ್ತವೆ. ಇದನ್ನು ಹುರಿ ಎನ್ನುವಂತಿಲ್ಲ, ಏಕೆಂದರೆ ಇದನ್ನು ಹೊಸೆದಿರುವುದಿಲ್ಲ. 'ಲಡಿ' ಎಂದಿದ್ದೇವೆ.

ಇಂಗಾಲದ ಎಳೆ ಹುಟ್ಟುವ ಬಗೆಯನ್ನು ಅರಿಯದೆ ಅದರ ಮರುಗಳಿಕೆಯ ಮಹತ್ವ ತಿಳಿಯದು. ಎಡಿಸನ್ ತನ್ನ ವಿದ್ಯುದ್ದೀಪಕ್ಕೆ ಬಿದಿರಿನ ಸೀಳನ್ನು ಸುಟ್ಟು ಇಂಗಾಲದ ತಂತುವನ್ನು ಮಾಡಿದ್ದನು. ಆದರೆ ಬಲದ ದೃಷ್ಟಿಯಿಂದ ಗಣ್ಯವಾದ ಎಳೆ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ರೋಜರ್ ಬೇಕನ್ ಪ್ರಯೋಗಾಲಯದಲ್ಲಿ ಅತ್ಯಂತ ಬಲವಾದ ಇಂಗಾಲದ ತಂತುಗಳನ್ನು ಕಂಡರು. ಅದರ ಹಿಂದೆಯೇ ಜಪಾನಿನ ಒಸಾಕಾದಲ್ಲಿ ಅಕಿಯೊ ಶಿಂಡೊ ಅವರು, ಉಣ್ಣೆಯಂಥ ಬಟ್ಟೆಗಳಿಗೆ ಬಳಸುವ ಪಾಲಿಅಕ್ರಿಲೊನೈಟ್ರೈಲ್ ಎಳೆಯಿಂದ ಇದನ್ನು ಪಡೆಯುವ ಮಾರ್ಗವನ್ನು ತೋರಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ವಿಲಿಯಂ ವಾಟ್ ಮತ್ತು ಸಂಗಡಿಗರು ಆ ಮಾರ್ಗವನ್ನು ತಿದ್ದಿ ಬಲವನ್ನು ಹೆಚ್ಚಿಸಿದರು. 1971ರಲ್ಲಿ ಜಪಾನಿನ ಟೊರೆ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು.

ಆ ಮಾರ್ಗ ಸ್ಥೂಲವಾಗಿ ಹೀಗಿದೆ. ಬಿಳಿಯ ಪಾಲಿಅಕ್ರಿಲೊನೈಟ್ರೈಲ್ ಎಳೆಯನ್ನು ಎಳೆದು ಬಿಗಿಹಿಡಿದು, 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದ ಗಾಳಿಯಲ್ಲಿ ನಿಧಾನವಾಗಿ ಕಾಯಿಸುತ್ತಾರೆ. ಅದು ಹಳದಿಯಾಗಿ, ಕಂದಾಗಿ, ಕಪ್ಪಾಗುತ್ತದೆ. ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೀರಿ ಕಾಯಿಸಿದಾಗ ಸಾರಜನಕ, ಜಲಜನಕಗಳು ಹೊರಟುಹೋಗಿ, ಇಂಗಾಲದ ಪದರಗಳು ಎಳೆಯ ಉದ್ದಕ್ಕೆ ಸಾಲುಗೊಂಡು ಉಳಿಯುತ್ತವೆ. ಈ ಯಾತ್ರೆಯಲ್ಲಿ ಮೂಲದ್ರವ್ಯದ ತೂಕದಲ್ಲಿ ಹೆಚ್ಚುಕಡಮೆ ಅರ್ಧ ನಷ್ಟವಾಗುತ್ತದೆ. ಉಳಿದ ಎಳೆಯ ವ್ಯಾಸ 5ರಿಂದ 7 ಮೈಕ್ರಾನ್, ಎಂದರೆ ತಲೆಗೂದಲಿನ ಹತ್ತನೆಯ ಒಂದು ಭಾಗದಷ್ಟು. ಟಿ-300 ಎಂಬ ಹಳೆಯ, ಸಾಧಾರಣ ಮಾದರಿಯ ಎಳೆಯ ಕರ್ಷಣ ಬಲವೇ 3.5 ಗಿಗಾಪಾಸ್ಕಲ್, ಕಟ್ಟಡಕ್ಕೆ ಬಳಸುವ ಉಕ್ಕಿನದು ಅರ್ಧ ಗಿಗಾಪಾಸ್ಕಲ್ ಒಳಗೆ. ಆದರೆ ಇದರ ಬೆಲೆಯನ್ನು ಶಾಖದಲ್ಲಿ ತೆರಬೇಕು. ಒಂದು ಕಿಲೊಗ್ರಾಂ ಹೊಸ ಎಳೆಗೆ 200ರಿಂದ 300 ಮೆಗಾಜೌಲ್‌ಗಳವರೆಗೆ ಶಕ್ತಿ ವೆಚ್ಚವಾಗುವುದೆಂಬುದು ಸಾಮಾನ್ಯವಾಗಿ ಉಲ್ಲೇಖಿತವಾಗುವ ಅಂದಾಜು. ತ್ಯಾಜ್ಯದಿಂದ ಎಳೆಯನ್ನು ಬಿಡಿಸಲು ಇದರ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಮೆ ಸಾಕು. ಮರುಗಳಿಕೆಯ ಪರವಾದ ವಾದವೆಲ್ಲ ಈ ಒಂದು ಅಂತರದ ಮೇಲೆ ನಿಂತಿದೆ.

ಹೊಸ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ಅದ್ದಿ, ಒಂದೇ ದಿಕ್ಕಿಗೆ ಹಾಸಿ, ಹಾಳೆಗಳನ್ನಾಗಿ ಮಾಡುತ್ತಾರೆ. ಈ ಹಸಿಹಾಳೆಗಳನ್ನು ಶೀತಲಗೃಹದಲ್ಲಿಡಬೇಕು. ಅವಧಿ ಮೀರಿದರೆ ವಿಮಾನದ ಕೆಲಸಕ್ಕೆ ಬಾರದು. ಹಾಳೆಗಳನ್ನು ಬೇಕಾದ ದಿಕ್ಕುಗಳಲ್ಲಿ ಒಂದರ ಮೇಲೊಂದು ಪೇರಿಸಿ, ಒತ್ತಡದ ಹಂಡೆಯಲ್ಲಿ ಸುಮಾರು 180 ಡಿಗ್ರಿಯಲ್ಲಿ ಬೇಯಿಸಿದಾಗ ರಾಳದ ಅಣುಗಳು ತಮ್ಮತಮ್ಮಲ್ಲಿ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈ ಹೆಣಿಗೆಯೇ ಮುಂದಿನ ತೊಡಕಿಗೆಲ್ಲ ಮೂಲ. ಮೇಣವನ್ನು ಕಾಯಿಸಿದರೆ ಕರಗುತ್ತದೆ, ಆರಿದರೆ ಮತ್ತೆ ಮೇಣವಾಗುತ್ತದೆ. ಸುಟ್ಟ ಮಡಕೆಯನ್ನು ಎಷ್ಟು ನೆನೆಸಿದರೂ ಅದು ಜೇಡಿಯಾಗದು. ಬೆಂದ ಎಪಾಕ್ಸಿಯ ಸ್ವಭಾವ ಮಡಕೆಯದು. ಅಲ್ಯೂಮಿನಿಯಂ ತುಣುಕುಗಳನ್ನು ಕರಗಿಸಿ ಎರಕಹೊಯ್ದಂತೆ ಇದನ್ನು ಕರಗಿಸಲಾಗದು.

ತ್ಯಾಜ್ಯದ ಪ್ರಮಾಣವೇನು ಎಂಬುದಕ್ಕೆ ಒಂದು ಪ್ರತ್ಯಕ್ಷ ನಿದರ್ಶನವನ್ನು ನೋಡೋಣ. 2011ರ ಅಕ್ಟೋಬರಿನಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787 ವಿಮಾನದ ರಚನೆಯಲ್ಲಿ ತೂಕದ ಅರ್ಧದಷ್ಟು ಸಂಮಿಶ್ರ ವಸ್ತುವೇ. ಏರ್ ಇಂಡಿಯಾ ಈ ಮಾದರಿಯ ತನ್ನ ಮೊದಲ ವಿಮಾನವನ್ನು 2012ರ ಸೆಪ್ಟೆಂಬರಿನಲ್ಲಿ ಪಡೆಯಿತು. ಇದರ ಒಡಲನ್ನು ಹಸಿಹಾಳೆಯ ಪಟ್ಟಿಗಳಿಂದ ಪೀಪಾಯಿಯಂತೆ ಸುತ್ತಿ ಬೇಯಿಸಿ, ಅನಂತರ ಕಿಟಕಿಗಳಿಗೂ ಬಾಗಿಲುಗಳಿಗೂ ತೂತು ಕೊರೆಯುತ್ತಾರೆ. ಕೊರೆದು ತೆಗೆದ ಪ್ರತಿಯೊಂದು ತುಂಡೂ ಬೆಂದ ತ್ಯಾಜ್ಯ. ಪಟ್ಟಿಗಳ ಅಂಚು, ಅವಧಿ ಮೀರಿದ ಹಾಳೆ, ಸುರುಳಿಯ ತುದಿ ಇವು ಹಸಿ ತ್ಯಾಜ್ಯ. ಬೋಯಿಂಗ್ ಸಂಸ್ಥೆ 2018ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಇ.ಎಲ್.ಜಿ. ಕಾರ್ಬನ್ ಫೈಬರ್ ಎಂಬ ಮರುಗಳಿಕೆಯ ಸಂಸ್ಥೆಯೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡು, ತನ್ನ 11 ತಯಾರಿಕಾ ಸ್ಥಳಗಳ ತ್ಯಾಜ್ಯವನ್ನು ಅಲ್ಲಿಗೆ ಕಳುಹಿಸಲು ನಿರ್ಧರಿಸಿತು. ಆಗ ಪ್ರಕಟಿಸಿದ ಅಂದಾಜು ವರ್ಷಕ್ಕೆ 10 ಲಕ್ಷ ಪೌಂಡು, ಎಂದರೆ ಸುಮಾರು 450 ಟನ್ನು. ಇದು ಹಾರಿ ಹಳತಾದ ವಿಮಾನಗಳ ಅವಶೇಷವಲ್ಲ, ಹೊಸ ವಿಮಾನ ತಯಾರಿಸುವಾಗ ಉದುರಿದ ಚೂರು ಎಂಬುದು ಗಮನಾರ್ಹ. ಒಟ್ಟಾರೆಯಾಗಿ ಈ ಉದ್ಯಮದಲ್ಲಿ ಕೊಂಡ ಎಳೆಯ ಮೂರನೆಯ ಒಂದು ಭಾಗದಷ್ಟು ತಯಾರಿಕೆಯಲ್ಲಿಯೇ ವ್ಯರ್ಥವಾಗುವುದೆಂದು ಹೇಳುವುದುಂಟು.

ಇದನ್ನು ಹೂಳಬಹುದಲ್ಲ ಎಂದರೆ, ಶತಮಾನಗಳು ಕಳೆದರೂ ಅದು ಕೊಳೆಯದು. ಸುಡಬಹುದಲ್ಲ ಎಂದರೆ, ರಾಳವೇನೋ ಉರಿಯುತ್ತದೆ. ಎಳೆ ಸುಲಭವಾಗಿ ಉರಿಯದೆ ತುಂಡುತುಂಡಾಗಿ ಹೊಗೆಯೊಡನೆ ಮೇಲೇರಿ, ಹೊಗೆಯನ್ನು ಶುದ್ಧಗೊಳಿಸುವ ವಿದ್ಯುತ್ ಜಾಲರಿಗಳಲ್ಲಿ ಸಿಕ್ಕಿ ಅವನ್ನು ಹಾಳುಗೆಡವುತ್ತದೆ. ಕಾರುಗಳ ಮಟ್ಟಿಗೆ ಐರೋಪ್ಯ ಒಕ್ಕೂಟ 2000ದಲ್ಲಿ ಹೊರಡಿಸಿದ ನಿರ್ದೇಶವು, ಹಳೆಯ ವಾಹನದ ತೂಕದ ನೂರಕ್ಕೆ 85 ಪಾಲು 2015ರೊಳಗೆ ಮರುಬಳಕೆಗೆ ಬರಲೇಬೇಕೆಂದು ವಿಧಿಸಿತ್ತು. ಎಳೆಯನ್ನು ಬಿಡಿಸುವ ಉಪಾಯ ಹುಡುಕದೆ ಗತ್ಯಂತರವಿರಲಿಲ್ಲ.

ಅತ್ಯಂತ ಸರಳವಾದ ಉಪಾಯ ಬೀಸುವುದು. ಹಲಗೆಯನ್ನು ಒಡೆದು, ಪುಡಿಮಾಡಿ, ಜರಡಿಹಿಡಿದು, ಆ ಪುಡಿಯನ್ನು ಪ್ಲಾಸ್ಟಿಕ್ಕಿಗೆ ಬೆರಕೆಯಾಗಿ ಹಾಕುತ್ತಾರೆ. ಇಲ್ಲಿ ಎಳೆ ರಾಳದಿಂದ ಬಿಡುಗಡೆಯಾಗುವುದೇ ಇಲ್ಲ. 200 ಮೆಗಾಜೌಲ್ ವ್ಯಯಿಸಿ ಮಾಡಿದ ವಸ್ತುವನ್ನು ಸೀಮೆಸುಣ್ಣದ ಪುಡಿ ಮಾಡಬಹುದಾದ ಕೆಲಸಕ್ಕೆ ಹಚ್ಚಿದಂತಾಯಿತು. ಇದನ್ನು ಮರುಗಳಿಕೆ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಇಂದು ವಾಣಿಜ್ಯಕ್ಷೇತ್ರದಲ್ಲಿ ನೆಲೆನಿಂತಿರುವುದು ಪೈರಾಲಿಸಿಸ್ ಎಂಬ ಉಷ್ಣವಿಭಜನೆಯ ವಿಧಾನ. ತ್ಯಾಜ್ಯವನ್ನು ಕೈಯಳತೆಯ ತುಂಡುಗಳಾಗಿ ಕತ್ತರಿಸಿ, ಗಾಳಿ ಬಹುಮಟ್ಟಿಗೆ ಇಲ್ಲದ ಕುಲುಮೆಯಲ್ಲಿ 450ರಿಂದ 700 ಡಿಗ್ರಿಯವರೆಗೆ ಕಾಯಿಸುತ್ತಾರೆ. ರಾಳ ಉರಿಯದೆ ಒಡೆದು ಅನಿಲವೂ ಎಣ್ಣೆಯೂ ಆಗಿ ಹೊರಬೀಳುತ್ತದೆ. ಆ ಅನಿಲವನ್ನೇ ಕುಲುಮೆಯ ಇಂಧನವಾಗಿ ಬಳಸಿಕೊಳ್ಳಬಹುದು. ಎಳೆ ಇದಕ್ಕಿಂತ ಹೆಚ್ಚಿನ ಶಾಖದಲ್ಲಿ ಹುಟ್ಟಿದುದಾದ್ದರಿಂದ, ಆಮ್ಲಜನಕ ತಗುಲದಿದ್ದರೆ ಅದಕ್ಕೆ ಹಾನಿಯಿಲ್ಲ. ಆದರೆ ರಾಳವೂ ಇಂಗಾಲದ ವಸ್ತುವೇ ಆಗಿರುವುದರಿಂದ ಅದರ ಶೇಷವು ಕರಿಯಾಗಿ ಎಳೆಗಳ ಮೇಲೆ ಅಂಟಿಕೊಂಡು ಅವುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಈ ಕರಿಯನ್ನು ಕಳೆಯಲು ಸ್ವಲ್ಪ ಗಾಳಿಯನ್ನು ಬಿಡಬೇಕು. ಇಲ್ಲಿಯೇ ಕೆಲಸಗಾರನ ಪರೀಕ್ಷೆ. ಗಾಳಿ ಕಡಮೆಯಾದರೆ ಎಳೆಗಳು ಕಡ್ಡಿಗಳಂತೆ ಬೆಸೆದು ಉಳಿಯುತ್ತವೆ. ಹೆಚ್ಚಾದರೆ ಕರಿಯೊಡನೆ ಎಳೆಯ ಮೈಯೂ ಉರಿದು ಗುಳಿಗಳು ಬೀಳುತ್ತವೆ. ಇಂಥ ಎಳೆ ಸಹಜವಾಗಿ ಗುಳಿ ಬಿದ್ದ ಜಾಗದಲ್ಲಿಯೇ ಮುರಿಯುತ್ತದೆ. ತೆಗೆಯಬೇಕಾದುದೂ ಉಳಿಯಬೇಕಾದುದೂ ಒಂದೇ ಮೂಲದ್ರವ್ಯವಾಗಿರುವುದು ಈ ವಿಧಾನದ ವಿಶೇಷ ಕಷ್ಟ. ಎಚ್ಚರಿಕೆಯಿಂದ ನಡೆಸಿದಲ್ಲಿ ಎಳೆಯ ಬಲದಲ್ಲಿ ನೂರಕ್ಕೆ 90ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಉಳಿಯುತ್ತದೆ. ಬಿಗುಪಂತೂ ಪೂರ್ತಿಯಾಗಿ ಉಳಿಯುತ್ತದೆ. ಎಳೆ ರಾಳವನ್ನು ಹಿಡಿದುಕೊಳ್ಳಲೆಂದು ಕಾರ್ಖಾನೆಯಲ್ಲಿ ಬಳಿದಿದ್ದ ತೆಳುವಾದ ಅಂಟು ಮಾತ್ರ ಉರಿದುಹೋಗಿರುವುದರಿಂದ ಅದನ್ನು ಮತ್ತೆ ಬಳಿಯಬೇಕಾಗುತ್ತದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಪಿಕರಿಂಗ್ ಅವರೂ ಸಹೋದ್ಯೋಗಿಗಳೂ ಮತ್ತೊಂದು ದಾರಿಯನ್ನು ಬಹುಕಾಲ ಶೋಧಿಸಿದರು. ಮರಳಿನ ಹಾಸಿನ ಕೆಳಗಿಂದ ಬಿಸಿಗಾಳಿಯನ್ನು ಊದಿದರೆ ಮರಳು ಕುದಿಯುವ ನೀರಿನಂತೆ ಏಳುಬೀಳತೊಡಗುತ್ತದೆ. 450ರಿಂದ 550 ಡಿಗ್ರಿಯ ಆ ಮರಳಿಗೆ ತ್ಯಾಜ್ಯದ ಚೂರುಗಳನ್ನು ಹಾಕಿದಾಗ ರಾಳ ಬೇರ್ಪಟ್ಟು, ಹಗುರಾದ ಎಳೆಗಳು ಗಾಳಿಯೊಡನೆ ಮೇಲೆ ಹಾರಿ ಬೇರೊಂದು ಪಾತ್ರೆಯಲ್ಲಿ ಬೀಳುತ್ತವೆ. ತಿರುಪು, ಮೊಳೆ, ತಗಡು ಮೊದಲಾದ ಲೋಹದ ತುಣುಕುಗಳು ಮರಳಿನಲ್ಲಿಯೇ ಕೆಳಗುಳಿಯುತ್ತವೆ. ಆದುದರಿಂದ ಬಣ್ಣ ಬಳಿದ, ಕೊಳಕಾದ, ಬೆರಕೆಯಾದ ತ್ಯಾಜ್ಯವನ್ನು ಸಹ ಇದು ನುಂಗಬಲ್ಲುದು. ಗಾಳಿಯ ಆಮ್ಲಜನಕವೂ ಮರಳಿನ ತಿಕ್ಕಾಟವೂ ಸೇರಿ ಬಲದಲ್ಲಿ ಐದನೆಯ ಒಂದು ಭಾಗದಷ್ಟು ಕುಂದುವುದು ಇದರ ದೋಷ.

ಮೂರನೆಯದು ದ್ರಾವಕಗಳ ಮಾರ್ಗ. 374 ಡಿಗ್ರಿ ಶಾಖ ಮತ್ತು ವಾತಾವರಣದ 218 ಪಟ್ಟು ಒತ್ತಡವನ್ನು ಮೀರಿದಾಗ ನೀರು ದ್ರವವೂ ಅಲ್ಲದ ಆವಿಯೂ ಅಲ್ಲದ ಸ್ಥಿತಿಗೆ ಬಂದು, ರಾಳದ ಹೆಣಿಗೆಯನ್ನು ಕಡಿಯಬಲ್ಲುದಾಗುತ್ತದೆ. ಜಪಾನಿನ ಹಿಟಾಚಿ ಕೆಮಿಕಲ್ ಸಂಸ್ಥೆಯವರು ಬೆಂಜೈಲ್ ಆಲ್ಕೊಹಾಲಿನಲ್ಲಿ ಪೊಟಾಸಿಯಂ ಫಾಸ್ಫೇಟನ್ನು ಬೆರೆಸಿ, ಸಾಮಾನ್ಯ ಒತ್ತಡದಲ್ಲಿ, 200 ಡಿಗ್ರಿಯ ಆಸುಪಾಸಿನಲ್ಲಿಯೇ ಕೆಲವು ಬಗೆಯ ರಾಳಗಳನ್ನು ಕರಗಿಸಿ ತೋರಿಸಿದರು. ಈ ಮಾರ್ಗದಲ್ಲಿ ಎಳೆ ಬಹಳ ಸ್ವಚ್ಛವಾಗಿ ದೊರೆಯುತ್ತದೆ; ರಾಳದ ಘಟಕಗಳೂ ಕೈಗೆ ಸಿಗುವ ಸಂಭವವುಂಟು. ಪಾತ್ರೆಯ ಬೆಲೆ, ದ್ರಾವಕದ ಶುದ್ಧೀಕರಣ, ಒಂದೊಂದು ರಾಳಕ್ಕೆ ಒಂದೊಂದು ಪಾಕ ಇವು ಅದರ ತೊಡಕುಗಳು.

ಇಲ್ಲಿಗೆ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯಿತು: ಎಳೆಯನ್ನು ಬಿಡಿಸುವುದು ಸಾಧ್ಯ, ಅದರ ಬಲವೂ ಬಹುಪಾಲು ಉಳಿಯುತ್ತದೆ. ಹಾಗಿದ್ದರೆ ಅದು ಮತ್ತೆ ವಿಮಾನದ ರೆಕ್ಕೆಗೆ ಏಕೆ ಹೋಗುವುದಿಲ್ಲ? ಈ ಪ್ರಶ್ನೆಯನ್ನು ನಾವು ಆ ಮಿತ್ರರನ್ನು ಕೇಳಿದಾಗ ಅವರು ಉತ್ತರವಾಗಿ ಚೀಲವನ್ನು ಬೆಳಕಿಗೆ ಹಿಡಿದರು. ಒಳಗಿನ ಎಳೆಗಳು ಎತ್ತೆತ್ತಲೋ ಚಾಚಿಕೊಂಡಿದ್ದುವು.

ತಾಳೆಯೋಲೆಯ ಕಟ್ಟುಗಳೊಡನೆ ಕೆಲಸ ಮಾಡಿದವರಿಗೆ ಇದು ಬೇಗನೆ ಅರ್ಥವಾಗುತ್ತದೆ. ಕಟ್ಟಿನ ದಾರ ಹರಿದು ಗರಿಗಳು ಚೆಲ್ಲಾಪಿಲ್ಲಿಯಾದರೆ ಒಂದಕ್ಷರವೂ ಅಳಿಯದಿರಬಹುದು. ಕಾವ್ಯ ಮಾತ್ರ ಕೈಗೆ ಸಿಗದು. ಓಲೆಗಳಿಗಾದರೋ ಗರಿಯ ಸಂಖ್ಯೆಯಿದೆ, ಛಂದಸ್ಸಿನ ಆಧಾರವಿದೆ. ಎಳೆಗೆ ಅಂಥ ಗುರುತೊಂದೂ ಇಲ್ಲ. ತ್ಯಾಜ್ಯವನ್ನು ಕತ್ತರಿಸುವಾಗಲೇ ನೂರಾರು ಮೀಟರು ಉದ್ದದ ಲಡಿಗಳು ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳವರೆಗಿನ ತುಂಡುಗಳಾಗಿರುತ್ತವೆ. ಕುಲುಮೆಯಿಂದ ಅವು ಅರಳೆಯಾಗಿ ಹೊರಬರುತ್ತವೆ.

ತುಂಡಾಗಿರುವುದೇ ದೋಷವೆಂದು ಮೊದಲು ನಾವೂ ಭಾವಿಸಿದ್ದೆವು. ಲೆಕ್ಕ ಹಾಗೆ ಹೇಳುವುದಿಲ್ಲ. ರಾಳದಲ್ಲಿ ಹುದುಗಿದ ಎಳೆಗೆ ಭಾರ ವರ್ಗವಾಗುವುದು ಅದರ ಮೈಗೆ ರಾಳ ಹಿಡಿದಿರುವ ಹಿಡಿತದಿಂದ. ಎಳೆ ತನ್ನ ಪೂರ್ಣ ಬಲದಷ್ಟು ಭಾರವನ್ನು ಹೊರಲು ಇರಬೇಕಾದ ಕನಿಷ್ಠ ಉದ್ದ, ಅದರ ವ್ಯಾಸ ಮತ್ತು ಬಲಗಳು ಹೆಚ್ಚಿದಷ್ಟೂ ಹೆಚ್ಚು, ಹಿಡಿತ ಹೆಚ್ಚಿದಷ್ಟೂ ಕಡಮೆ. 7 ಮೈಕ್ರಾನ್ ವ್ಯಾಸದ, 3.5 ಗಿಗಾಪಾಸ್ಕಲ್ ಬಲದ ಎಳೆಗೆ, ಎಪಾಕ್ಸಿಯ ಸಾಮಾನ್ಯ ಹಿಡಿತವನ್ನು ಗಣಿಸಿದರೆ, ಈ ಉದ್ದ ಕಾಲು ಮಿಲಿಮೀಟರಿನ ಸುತ್ತ ಬರುತ್ತದೆ. ಮೂರು ಮಿಲಿಮೀಟರಿನ ತುಂಡು ಅದರ ಹತ್ತು ಪಟ್ಟಿಗಿಂತ ಉದ್ದ. ಆದುದರಿಂದ ಗಿಡ್ಡ ಎಳೆ ತನ್ನಷ್ಟಕ್ಕೆ ದುರ್ಬಲವಲ್ಲ.

ನಿಜವಾದ ನಷ್ಟ ಸಾಲಿನದು. ಸಾಲಾಗಿ ಹಾಸಿದ ಎಳೆಗಳನ್ನು ಒತ್ತಾಗಿ ಜೋಡಿಸಿ ಸಂಮಿಶ್ರದ ಗಾತ್ರದಲ್ಲಿ ನೂರಕ್ಕೆ 60 ಪಾಲು ಎಳೆಯೇ ಇರುವಂತೆ ಮಾಡಬಹುದು. ಎಳೆಯ ಬಿಗುಪು 230 ಗಿಗಾಪಾಸ್ಕಲ್ ಆದರೆ ಇಂಥ ಸಂಮಿಶ್ರದ ಬಿಗುಪು ಎಳೆಯ ದಿಕ್ಕಿನಲ್ಲಿ ಸುಮಾರು 140 ಬರುತ್ತದೆ. ಅಡ್ಡಾದಿಡ್ಡಿಯಾದ ಎಳೆಗಳು ಒಂದರ ಮೇಲೊಂದು ಸೇತುವೆಗಳಂತೆ ನಿಲ್ಲುವುದರಿಂದ, ನೂರಕ್ಕೆ 25–30 ಪಾಲಿಗಿಂತ ಹೆಚ್ಚು ತುರುಕಲು ಹೋದರೆ ಒತ್ತಡಕ್ಕೆ ಮುರಿಯುತ್ತವೆ. ಅಲ್ಲದೆ, ಹಾಳೆಯಲ್ಲಿ ಎಲ್ಲ ದಿಕ್ಕಿಗೂ ಚದರಿದ ಎಳೆಗಳು ಯಾವುದೇ ಒಂದು ದಿಕ್ಕಿಗೆ ಸಲ್ಲಿಸುವ ಬಿಗುಪು ಸಾಲುಗೊಂಡ ಎಳೆಗಳ ಎಂಟರಲ್ಲಿ ಮೂರು ಪಾಲು ಮಾತ್ರ. ಈ ಎರಡೂ ಸೇರಿ, ಅದೇ 230 ಗಿಗಾಪಾಸ್ಕಲಿನ ಎಳೆಯಿಂದ ದೊರೆಯುವ ಸಂಮಿಶ್ರದ ಬಿಗುಪು 25ರ ಆಸುಪಾಸಿಗೆ ಇಳಿಯುತ್ತದೆ. ಅಲ್ಯೂಮಿನಿಯಮ್ಮಿನದು 70. ಎಳೆಯ ಗುಣ ಕಾಸಿನಷ್ಟೂ ಕೆಡದೆ ವಸ್ತುವಿನ ಗುಣ ಐದು ಪಟ್ಟು ಕುಸಿಯಿತು.

ಮರುಗಳಿಸಿದ ಎಳೆಗಳು ಎಲ್ಲಿ ಸಲ್ಲುತ್ತಿವೆ ಎಂಬುದನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 2013ರಿಂದ 2022ರವರೆಗೆ ತಯಾರಿಸಿದ ಐ-3 ಎಂಬ ಕಾರಿನಲ್ಲಿ, ತನ್ನದೇ ಕಾರ್ಖಾನೆಯ ಚೂರುಗಳಿಂದ ಪಡೆದ ಎಳೆಯನ್ನು ಛಾವಣಿಗೆ ಬಳಸಿತು. 2024ರಲ್ಲಿ ಬಂದ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಒಂದು ಮಾದರಿಯ ಕವಚಕ್ಕೆ, 787ರ ರೆಕ್ಕೆ ತಯಾರಿಸುವಾಗ ಉಳಿದ ಟೊರೆ ಸಂಸ್ಥೆಯ ಎಳೆಯನ್ನು ಉಪಯೋಗಿಸಲಾಗಿದೆ. ಇವು ತಿರಸ್ಕರಿಸತಕ್ಕ ಉಪಯೋಗಗಳಲ್ಲ. ಹೂಳುವುದಕ್ಕಿಂತ ನೂರು ಪಾಲು ಮೇಲು. ಆದರೂ ರೆಕ್ಕೆಯಿಂದ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಬಂದುದು ಪದಚ್ಯುತಿಯೇ.

ಆದಕಾರಣ ಮರುಗಳಿಕೆಯ ಸಂಶೋಧನೆಯ ಭಾರಕೇಂದ್ರವು ಕುಲುಮೆಯಿಂದ ಜೋಡಣೆಯತ್ತ ಸರಿಯುತ್ತಿರುವುದು ಕಂಡುಬರುತ್ತದೆ. ಒಂದು ದಾರಿ ನಮ್ಮ ನೂಲುವವರಿಗೆ ಪರಿಚಿತವಾದುದು. ಅರಳೆಯನ್ನು ಹಿಂಜಿ, ಹಂಜಿ ಮಾಡಿ, ನೂಲುವಂತೆ, ಇಂಗಾಲದ ಗಿಡ್ಡ ಎಳೆಗಳನ್ನು ನೈಲಾನ್ ಎಳೆಗಳೊಡನೆ ಬೆರೆಸಿ ಹಿಂಜುಯಂತ್ರದಲ್ಲಿ ಹಾಯಿಸಿ ಹಂಜಿಯನ್ನೂ ನೂಲನ್ನೂ ಪಡೆಯುವ ಪ್ರಯೋಗಗಳು ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆದಿವೆ. ಆ ನೂಲನ್ನು ನೇಯ್ದು ಕಾಯಿಸಿದರೆ ನೈಲಾನು ಕರಗಿ ತಾನೇ ರಾಳದ ಕೆಲಸ ಮಾಡುತ್ತದೆ. ಹತ್ತಿಯಂತೆ ಬಳುಕದೆ ಪಟ್ಟನೆ ಮುರಿಯುವ ಎಳೆಯನ್ನು ಹಿಂಜುವಾಗ ಒಂದಷ್ಟು ಪುಡಿಯಾಗುವುದು ಅನಿವಾರ್ಯ.

ಎರಡನೆಯ ದಾರಿ ನೀರಿನದು. ಕವಲೊಡೆದ ಹೊಳೆಯಲ್ಲಿ ಹುಲ್ಲುಕಡ್ಡಿಗಳು ಹೇಗೆ ತಿರುಗಿಕೊಳ್ಳುತ್ತವೆಂಬುದನ್ನು ಗಮನಿಸಿದವರಿಗೆ ಇದರ ಬೀಜ ಹೊಳೆಯುತ್ತದೆ. 1960–70ರ ದಶಕಗಳಲ್ಲಿಯೇ ಇಂಗ್ಲೆಂಡಿನ ವಾಲ್ಥಂ ಆಬಿಯ ಸರಕಾರೀ ಸಂಶೋಧನಾಲಯದಲ್ಲಿ ಗಿಡ್ಡ ಎಳೆಗಳನ್ನು ಗ್ಲಿಸರಿನ್‌ನಲ್ಲಿ ತೇಲಿಸಿ, ಕಿರಿದಾಗುತ್ತ ಹೋಗುವ ಬಾಯಿಂದ ಹರಿಸಿ ಸಾಲುಗೊಳಿಸಿದ್ದರು. ಗ್ಲಿಸರಿನ್ ಮಂದವಾದುದರಿಂದ ಅದನ್ನು ಸೋಸಿ ತೊಳೆಯುವುದೇ ಕಷ್ಟವಾಗುತ್ತಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೇವಲ ನೀರು ಸಾಕು. ಎಳೆ ಬೆರೆತ ನೀರಿನ ಸಣ್ಣ ಧಾರೆಯನ್ನು ಒತ್ತೊತ್ತಾಗಿ ನಿಲ್ಲಿಸಿದ ಎರಡು ಸಮಾಂತರ ಫಲಕಗಳ ನಡುವೆ ಚಿಮ್ಮಿಸುತ್ತಾರೆ. ಎದುರಿನ ಫಲಕಕ್ಕೆ ಬಡಿದ ಧಾರೆಯ ವೇಗ ಥಟ್ಟನೆ ಬದಲಾಗುವಾಗ ಎಳೆಗಳು ಧಾರೆಗೆ ಅಡ್ಡವಾಗಿ ಹೊರಳಿ, ಫಲಕಗಳ ಗುಂಟ ಸಾಲಾಗಿ, ಕೆಳಗೆ ಚಲಿಸುವ ತೂತುಪಟ್ಟಿಯ ಮೇಲೆ ಇಳಿಯುತ್ತವೆ; ನೀರನ್ನು ಹೀರಿ ತೆಗೆದು, ಒಣಗಿಸಿ, ರಾಳ ಕೂಡಿಸಿದರೆ ಹಾಳೆ ಸಿದ್ಧ. ಮೂರು ಮಿಲಿಮೀಟರಿಗೆ ಕತ್ತರಿಸಿದ ಹೊಸ ಎಳೆಗಳಿಂದ ಹೀಗೆ ಮಾಡಿದ ಸಂಮಿಶ್ರದಲ್ಲಿ ಎಳೆಯ ಪಾಲು ನೂರಕ್ಕೆ 55ಕ್ಕೂ, ಬಿಗುಪು 115 ಗಿಗಾಪಾಸ್ಕಲಿಗೂ ಮುಟ್ಟಿತೆಂದು ಅವರು ವರದಿಮಾಡಿದ್ದಾರೆ. ಮೇಲೆ ಹೇಳಿದ 25ನ್ನೂ 140ನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಮರುಗಳಿಸಿದ ಎಳೆಯಿಂದಲೂ ಅವರು ಇದೇ ಕೆಲಸವನ್ನು ಮುಂದುವರಿಸಿದರು. ಉಳಿದಿರುವ ತೊಡಕು ವೇಗದ್ದು: ಪ್ರಯೋಗಾಲಯದ ಪಟ್ಟಿಯ ಅಗಲ ಬೆರಳುಗಳಲ್ಲಿ, ಕಾರ್ಖಾನೆಯ ಬೇಡಿಕೆ ಟನ್ನುಗಳಲ್ಲಿ.

ಈ ಎಲ್ಲ ಪ್ರಯಾಸಕ್ಕಿಂತ ಮೊದಲೇ ಮಾಡಬಹುದಾದುದೊಂದಿದೆ. ಚೂರು ಉದುರುವ ಕ್ಷಣದಲ್ಲಿ ಅದು ಯಾವ ಮಾದರಿಯ ಎಳೆ, ಯಾವ ರಾಳ, ಎಷ್ಟು ಉದ್ದ ಎಂಬುದು ಕತ್ತರಿ ಹಿಡಿದವನಿಗೆ ತಿಳಿದಿರುತ್ತದೆ. ಒಂದೇ ತೊಟ್ಟಿಗೆ ಬಿದ್ದ ಮರುಕ್ಷಣದಲ್ಲಿ ಯಾರಿಗೂ ತಿಳಿಯದು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ 45ರಷ್ಟು ಸಂಮಿಶ್ರವೇ ಆಗಿದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಈ ವಿದ್ಯೆ ದಶಕಗಳಿಂದ ಬೆಳೆದಿದೆ. ಹೈದರಾಬಾದಿನ ರಕ್ಷಣಾ ಪ್ರಯೋಗಾಲಯಗಳಲ್ಲಿ ಕ್ಷಿಪಣಿಗಳ ಕವಚವನ್ನು ಲಡಿಗಳಿಂದ ಸುತ್ತಿ ಮಾಡುತ್ತಾರೆ. ಇಂಥ ಕಡೆಗಳಲ್ಲಿ ದುಡಿಯುವ ಓದುಗರಿಗೆ, ಚೂರುಗಳ ತೊಟ್ಟಿಯ ಮೇಲೆ ಎಳೆಯ ಮಾದರಿಯನ್ನೂ ರಾಳದ ಹೆಸರನ್ನೂ ಬರೆದಿಡುವುದು ಪ್ರಬಂಧಕ್ಕೆ ವಿಷಯವಾಗದ ಕ್ಷುಲ್ಲಕ ಕಾರ್ಯವಾಗಿ ತೋರೀತು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಎರಡು ಸಾಲು ಎಷ್ಟು ಅಮೂಲ್ಯವೆಂಬುದನ್ನು ಬಲ್ಲ ನಮಗೆ ಹಾಗನಿಸುವುದಿಲ್ಲ.

ರಾಳವನ್ನೇ ಬದಲಿಸುವ ಯತ್ನಗಳೂ ಇವೆ. 2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೀಬ್ಲರ್ ಮತ್ತು ಸಂಗಡಿಗರು, ಹೆಣಿಗೆ ಸಡಿಲಗೊಳ್ಳದೆಯೇ ಕಾವಿನಲ್ಲಿ ಕೊಂಡಿಗಳನ್ನು ಅದಲುಬದಲು ಮಾಡಿಕೊಳ್ಳುವ ರಾಳವನ್ನು ವರ್ಣಿಸಿದರು. ಆದಿತ್ಯ ಬಿರ್ಲಾ ಸಮೂಹದ ರಿಸೈಕ್ಲಮೈನ್ ಎಂಬ ಗಟ್ಟಿಕಾರಕವನ್ನು ಬಳಸಿದ ರಾಳ ಸೌಮ್ಯವಾದ ಆಮ್ಲದಲ್ಲಿ ಬಿಟ್ಟುಕೊಳ್ಳುತ್ತದೆ; 2021ರಲ್ಲಿ ಸೀಮೆನ್ಸ್ ಗಮೇಸಾ ಸಂಸ್ಥೆ ಪ್ರಕಟಿಸಿದ ಮರುಬಳಸಬಹುದಾದ ಗಾಳಿಯಂತ್ರದ ಅಲಗಿಗೆ ಆಧಾರ ಇದೇ. 2023ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ರುಥೇನಿಯಂ ವೇಗವರ್ಧಕದಿಂದ, ಹಳೆಯ ಬಗೆಯ ಎಪಾಕ್ಸಿಯನ್ನೇ ಅದರ ಘಟಕಗಳಾಗಿ ಬಿಡಿಸಿ ತೋರಿಸಿದರು. ದಿನಗಟ್ಟಲೆ ಕಾಯಿಸಬೇಕಾಯಿತೆಂಬುದು ಬೇರೆ ಮಾತು. ಇವುಗಳಲ್ಲಿ ಯಾವುದು ನೆಲೆನಿಂತರೂ, ಈಗ ಹಾರುತ್ತಿರುವ ವಿಮಾನಗಳಲ್ಲಿರುವುದು ಬಿಡದ ರಾಳವೇ. 2023ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ, ಹತ್ತು ವರ್ಷವಷ್ಟೇ ಹಳೆಯದಾದ ಎರಡು 787 ವಿಮಾನಗಳನ್ನು ಬಿಡಿಭಾಗಗಳಿಗಾಗಿ ಕಳಚಲಾಯಿತು. ಸಾಮಾನ್ಯವಾಗಿ 25–30 ವರ್ಷ ಬಾಳುವ ಈ ವಿಮಾನಗಳ ದೊಡ್ಡ ತಂಡ 2035ರ ಅನಂತರ ನೆಲಕ್ಕಿಳಿಯಬೇಕು.

ನಮ್ಮ ಮಿತ್ರರ ಮೂಲ ಪ್ರಶ್ನೆಗೆ ಉತ್ತರ ಬಾಕಿಯಿದೆ. ಚೀಲದಲ್ಲಿದ್ದ ವಸ್ತುವನ್ನು 'ಇಂಗಾಲದ ಅರಳೆ' ಎಂದೂ, ಅದನ್ನು ಪಡೆಯುವ ಕ್ರಿಯೆಯನ್ನು 'ಮರುಗಳಿಕೆ' ಎಂದೂ, ಮತ್ತೆ ಒಂದೇ ದಿಕ್ಕಿಗೆ ಹಾಸಿದ ಎಳೆಯನ್ನು 'ಸಾಲೆಳೆ' ಎಂದೂ ಕರೆಯಬಹುದೆಂದು ತಿಳಿಸಿದ್ದೇವೆ. ಮೊದಲೆರಡನ್ನು ಅವರು ಒಪ್ಪಿದರು. ಮೂರನೆಯದು ಕೃತಕವೆನಿಸುತ್ತದೆಂದು ತಲೆಯಾಡಿಸಿದರು. ನೇಕಾರಿಕೆಯ ಮನೆಗಳಲ್ಲಿ ಬೆಳೆದ ಓದುಗರಲ್ಲಿ ಯಾರಿಗಾದರೂ ಇದಕ್ಕಿಂತ ಒಪ್ಪುವ ಬಳಕೆಮಾತು ತಿಳಿದಿದ್ದರೆ ಪೀಠಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.